ಮಂಗಳನ ಗಾಳಿ, ನನ್ನ ಮೂಗು

ನಮ್ಮ ಪಕ್ಕದ ಮನೆಯ ಮೇಡಂ ಅವರದು ನೀಳ ಮೂಗು, ಎಡಹೊಳ್ಳೆಯಲ್ಲಿ ಕೆಂಪು ಹರಳಿನ ಮೂಗುಬಟ್ಟು. ಅಷ್ಟು ಚೆಂದದ ಆ ಮೂಗಿಗೆ ವಾಸನೆ ತಿಳಿಯುತ್ತಿರಲಿಲ್ಲ. ಯಾವುದೋ ಜ್ವರದಲ್ಲಿ ಹೋದದ್ದು ಮರಳಲಿಲ್ಲವಂತೆ. ಆಳಂದದಲ್ಲಿ ಒಬ್ಬರೇ ಇದ್ದ ಅವರು ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದರು. ಹಾಲು ಕೆಟ್ಟಿದೆಯೋ, ಒಗ್ಗರಣೆ ಸೀದಿದೆಯೋ ತಿಳಿಯಬೇಕಾದಾಗ ಕಂಪೌಂಡಿನಾಚೆಯಿಂದ ಕೂಗುತ್ತಿದ್ದರು: “ಮೂಗು ತಗೊಂಡು ಬಾ ಬೇ.”

ಇಂಥವರು ಮಂಗಳ ಗ್ರಹದ ಗಾಳಿಯಲ್ಲಿ ಯಾವ ಅನಿಲ ಎಷ್ಟಿದೆ ಎಂದು ಅಳೆಯುತ್ತಿದ್ದರು. ಅಲ್ಲಿ ಸುತ್ತುವ ನೌಕೆ ಕಳಿಸಿದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮಾಹಿತಿ ಅವರ ಲ್ಯಾಪ್‌ಟಾಪಿನಲ್ಲಿತ್ತು. ಗ್ರಹದ ಅಂಚಿನಲ್ಲಿ ಸೂರ್ಯ ಮುಳುಗುವಾಗ ಬೆಳಕು ಅಲ್ಲಿನ ಗಾಳಿಯನ್ನು ದಾಟಿ ನೌಕೆಗೆ ಬರುತ್ತದೆ. ಒಂದೊಂದು ಅನಿಲವೂ ತನ್ನ ಪಾಲಿನ ಬೆಳಕನ್ನು ನುಂಗಿರುತ್ತದೆ. ಕಾಣೆಯಾದ ಬೆಳಕೇ ಲೆಕ್ಕ. ನನಗೆ ಅರ್ಥವಾದದ್ದು ಇಷ್ಟೇ. ಅವರು ಹುಡುಕುತ್ತಿದ್ದುದು ಮೀಥೇನ್, ಸೆಗಣಿ ಗ್ಯಾಸಿನಲ್ಲಿರುವುದೇ. ಸಿಕ್ಕರೆ ಅಲ್ಲಿ ಜೀವವೂ ಇದ್ದೀತೆಂಬ ಆಸೆ. “ಅದಕ್ಕ ವಾಸನೀನ ಇಲ್ಲ. ಅಲ್ಲಿ ನಿನ್ನ ಮೂಗೂ ನನ್ನಂಥದ್ದ,” ಎಂದು ನಕ್ಕಿದ್ದರು.

ಒಂದು ಸಂಜೆ ಅವರ ಅಡುಗೆಮನೆಯಲ್ಲಿ ನನಗೆ ಸಿಲಿಂಡರಿನ ಗ್ಯಾಸಿನ ವಾಸನೆ ಬಂದಂತಾಯಿತು. ಕಿಟಕಿ ತೆರೆದು, ಪೈಪಿಗೆ ಸಾಬೂನಿನ ನೀರು ಹಚ್ಚಿ ನೋಡಿದೆವು. ಗುಳ್ಳೆ ಏಳಲಿಲ್ಲ. ಮತ್ತೆ ಮೂಸಿದೆ, ವಾಸನೆಯೋ ನನ್ನ ಅಂಜಿಕೆಯೋ ತಿಳಿಯಲಿಲ್ಲ. ಇಲ್ರಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

“ಇಲ್ಲ ಅನ್ನಬ್ಯಾಡ. ಗೊತ್ತಾಗವಲ್ದು ಅನ್ನು. ಎರಡೂ ಬ್ಯಾರೆ.”

ಆ ಚಳಿಗಾಲದಲ್ಲಿ, ಬೆಳಕಿನ ಲೆಕ್ಕ ತೋರಿಸುವ ಅವರ ಲ್ಯಾಪ್‌ಟಾಪಿನ ಗೆರೆಯಲ್ಲಿ, ಮೀಥೇನ್ ಇರಬೇಕಾದ ಜಾಗದಲ್ಲೇ, ಸಣ್ಣದೊಂದು ತಗ್ಗು ಕಂಡಿತು. ಕಲಬುರಗಿಯ ಗೋಷ್ಠಿಯಲ್ಲಿ ಹೇಳಲು ಕರೆ ಬಂತು. ಸಹೋದ್ಯೋಗಿಗಳು ಇಷ್ಟು ವರ್ಷ ಆಡಿಕೊಂಡ ಕೆಲಸಕ್ಕೆ ಅದೊಂದೇ ಉತ್ತರವಾಗಬಹುದಿತ್ತು. ಆದರೆ ಬೇರೆ ಸೂರ್ಯಾಸ್ತಗಳ ಮಾಹಿತಿಯಲ್ಲಿ ಆ ತಗ್ಗು ಕಾಣಲಿಲ್ಲ. ವೇದಿಕೆಯಲ್ಲಿ ಎರಡನ್ನೂ ತೋರಿಸಿ, ಇದೆಯೋ ಇಲ್ಲವೋ ಹೇಳಲಾರೆ ಎಂದು ಇಳಿದುಬಿಟ್ಟರು. ಜೊತೆಗೆ ಹೋಗಿದ್ದ ನನ್ನ ಹಿಂದೆ ಕೂತವರೊಬ್ಬರು, “ಇಷ್ಟ ಹೇಳಾಕ ಆಳಂದದಿಂದ ಬರಬೇಕಿತ್ತೇನ್ರಿ?” ಎಂದರು. ಮೇಡಂ ಹಾಗೆ ಇಳಿದದ್ದು ಗಟ್ಟಿತನವೋ ಸೋಲೋ, ಇಂದಿಗೂ ನನಗೆ ಬಗೆಹರಿದಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಅವರ ಬಾಗಿಲು ತೆರೆಯಲಿಲ್ಲ. ಕುರ್ಚಿಯಲ್ಲೇ ಹೋಗಿದ್ದರು, ಹೃದಯ ನಿಂತಿದೆ ಎಂದರು ಡಾಕ್ಟರು. ಮಧ್ಯಾಹ್ನ ಜೇವರ್ಗಿಯಿಂದ ಅವರ ತಮ್ಮ ಬಂದರು. ತಲೆದೆಸೆಗೆ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಹಿಡಿದವರು ಅಡುಗೆಮನೆಯ ಕಡೆ ನೋಡಿ ತಡೆದರು. ಅತ್ತು ಅವರ ಮೂಗು ಕಟ್ಟಿತ್ತು.

“ಗ್ಯಾಸಿನ ವಾಸನಿ ಐತೇನ್ರಿ ಅಕ್ಕಾರ?”

ಒಳಗೆ ಹೋಗಿ ನಿಂತೆ. ಉಸಿರೆಳೆದೆ. ಇನ್ನೊಮ್ಮೆ ಎಳೆದೆ. ಇಲ್ಲ ಎನ್ನುವುದು ಸುಲಭವಿತ್ತು.

“ಗೊತ್ತಾಗವಲ್ದ್ರಿ,” ಎಂದೆ. “ಮೊದಲ ಕಿಟಕಿ ತಗೀರಿ.”