ನೆಲ ಮುಟ್ಟದ ಚಂಡಮಾರುತ

ಫೆಲಿಕ್ಸ್ ಪೊರ್ಬುಗಳು ಅಟ್ಲಾಂಟಿಕ್ ಸಾಗರವನ್ನು ಒಮ್ಮೆಯೂ ಕಣ್ಣಾರೆ ಕಂಡವರಲ್ಲ. ಆದರೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಏಳನೇ ಮಹಡಿಯಲ್ಲಿ ಕೂತು ಅಲ್ಲಿನ ಗಾಳಿಯನ್ನು ಪಕ್ಕದ ಮನೆಯ ಸುದ್ದಿಯಂತೆ ಹೇಳುತ್ತಿದ್ದರು. ಹವಾಮಾನ ನೋಡಿ ಹಡಗುಗಳಿಗೆ ದಾರಿ ಹೇಳುವ ಆಫೀಸು ನಮ್ಮದು. ಉಳಿದವರೆಲ್ಲ ಸ್ಕ್ರೀನ್ ನೋಡಿದರೆ, ಅವರು ಕಾಗದದ ನಕ್ಷೆಯ ಮೇಲೆ ಪೆನ್ಸಿಲ್ ಚುಕ್ಕೆ ಇಡುತ್ತಿದ್ದರು. ಬಿರುಗಾಳಿಗಳೆಲ್ಲ ಅವರಿಗೆ ‘ಅವಳು’. ಇಬ್ಬರೂ ಮಂಗಳೂರಿನ ಕಡೆಯವರಾದ್ದರಿಂದ ನಾನು ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಊರಿನ ರೂಢಿಯಂತೆ ‘ಪೊರ್ಬುಗಳೇ’ ಎಂದೇ ಕರೆಯುತ್ತಿದ್ದೆ.

ಒಂದು ವರ್ಷ ಚಂಡಮಾರುತವೊಂದು ಮೂರು ವಾರ ಸಾಗರದ ನಡುವೆಯೇ ಸುತ್ತಿತು. ಯಾವ ಊರಿಗೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಟಿವಿಯವರು ಅದನ್ನು ಮರೆತರು. ಬಲವೂ ಕುಗ್ಗಿತು. ನಮ್ಮ ಮ್ಯಾನೇಜರ್ “ಖಲಾಸ್” ಅಂದರು. ಆಗ ಸ್ಪೇನಿನಿಂದ ಅಮೆರಿಕಕ್ಕೆ ಹೊರಟಿದ್ದ ಹಡಗಿನಲ್ಲಿ ಇಪ್ಪತ್ತೆರಡು ಜನರಿದ್ದರು. ಕೆಲಸಕ್ಕೆ ಹೊಸಬಳಾದ ನಾನು, ನೇರ ದಾರಿಯಲ್ಲೇ ಹೋಗಿ ಎಂದು ಬರೆದು ಕಳಿಸಲು ಹೊರಟೆ.

“ನಿಲ್ಲು ಮಾರಾಯ್ತಿ! ಅವಳು ಸತ್ತದ್ದು ಯಾರು ನೋಡಿದ್ದು? ಸುಸ್ತಾಗಿ ಕೂತದ್ದಷ್ಟೇ. ಅಡಿಯಲ್ಲಿ ನೀರು ಬಿಸಿ ಉಂಟು, ಪುನಃ ಎದ್ದರೆ ಎಂತ ಮಾಡ್ತಿ?”

“ಅದು ನೆಲಕ್ಕೆ ಬರುದಿಲ್ಲ ಅಲ್ವಾ ಪೊರ್ಬುಗಳೇ?”

“ಹಡಗು ಎಂತ ರೋಡಲ್ಲಿ ಹೋಗ್ತದಾ?”

ನಾಚಿಕೆಯಿಂದ ಬರೆದದ್ದನ್ನು ಅಳಿಸಿದೆ. ದಕ್ಷಿಣಕ್ಕೆ ಬಳಸಿ ಹೋಗಿ ಎಂದು ಅವರು ಹೇಳಿದ್ದನ್ನು ಟೈಪ್ ಮಾಡಿ ಕಳಿಸಿದೆ. ಸುಮ್ಮನೆ ಸುತ್ತುದಾರಿ ಎಂದು ಮ್ಯಾನೇಜರ್ ಗೊಣಗಿದರು. ಉಡುಪಿ ಕಡೆಯವರೇ ಆದ ಹಡಗಿನ ಕ್ಯಾಪ್ಟನ್ ಕೂಡ ಸಿಡುಕಿದರು. ಪೊರ್ಬುಗಳು ಜಗ್ಗಲಿಲ್ಲ. ಮೂರನೇ ದಿನ ಚಂಡಮಾರುತ ಮತ್ತೆ ಬಲಗೊಂಡು, ನಾನು ಹೇಳಹೊರಟಿದ್ದ ದಾರಿಗೇ ಅಡ್ಡ ತಿರುಗಿತು. ಅಷ್ಟರಲ್ಲಿ ಹಡಗು ಬಹಳ ದಕ್ಷಿಣದಲ್ಲಿತ್ತು. ಎಲ್ಲರೂ ಕ್ಷೇಮ ಎಂಬ ಮೆಸೇಜನ್ನು ಪೊರ್ಬುಗಳು ನನ್ನಿಂದ ಎರಡು ಸಲ ಓದಿಸಿ ಚಹಾಕ್ಕೆ ಹೋದರು. ಅಂಥವರ ಪಕ್ಕದ ಕುರ್ಚಿ ನನ್ನದು ಎಂದು ಎಷ್ಟು ಹೆಮ್ಮೆಪಟ್ಟೆನೋ!

ಕೆಲವು ತಿಂಗಳ ನಂತರ ಅವರು ನಿವೃತ್ತರಾದರು. ಕೊನೆಯ ದಿನ ಅದೇ ಕ್ಯಾಪ್ಟನ್ ಫೋನ್ ಮಾಡಿ, ಅಂದು ದಕ್ಷಿಣದ ದಾರಿ ತೋರಿಸಿದ್ದು ಯಾರು, ಮೆಸೇಜಿನ ಕೆಳಗೆ ಹುಡುಗಿಯ ಹೆಸರಿತ್ತಲ್ಲ ಎಂದು ಕೇಳಿದರು.

“ಹೌದು, ಅವಳೇ,” ಎಂದು ಪೊರ್ಬುಗಳು ಫೋನನ್ನು ನನ್ನ ಕೈಗಿಟ್ಟರು. ಎದುರಿಗೇ ಮ್ಯಾನೇಜರ್ ನಿಂತಿದ್ದರು. ಕೆಲಸ ಹೋದರೆ ಹೋಗಲಿ ಎಂದು ಹೇಳಿಬಿಟ್ಟೆ: “ಅಲ್ಲ ಸರ್. ನೇರ ಹೋಗಿ ಅಂತ ಬರೆದವಳು ನಾನು. ತಡೆದದ್ದು ಪೊರ್ಬುಗಳು.”

ಪೊರ್ಬುಗಳು ನನ್ನನ್ನೇ ನೋಡಿದರು. ಆಮೇಲೆ ಫೋನ್ ವಾಪಸು ತೆಗೆದುಕೊಂಡರು.

“ಕೇಳಿದಿರಲ್ಲ ಕ್ಯಾಪ್ಟನ್? ನಾಳೆಯಿಂದ ನಿಮಗೆ ದಾರಿ ಹೇಳುವವಳು ಇವಳೇ. ನಾನು ಧೈರ್ಯದಲ್ಲಿ ಊರಿಗೆ ಹೋಗ್ತೇನೆ.”