ಅಕ್ಕ ನೋಡಿದ ಗಾಜಿನ ಪಟ್ಟಿ

ಒಣದ್ರಾಕ್ಷಿ ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕಿದಾಗಲೆಲ್ಲ ಅಕ್ಕ ನೆನಪಾಗುತ್ತಾಳೆ. ಆ ಘಾಟು ಅವಳ ಸೀರೆಯಲ್ಲಿ, ಕೂದಲಲ್ಲಿ ಸದಾ ಇರುತ್ತಿತ್ತು. ಕಾಗವಾಡದ ನಮ್ಮ ಕಡೆ ಹೆಂಗಸರು ಸಾಲಾಗಿ ಕುಳಿತು ಒಣದ್ರಾಕ್ಷಿ ಆರಿಸುತ್ತಾರೆ. ಅವರಲ್ಲೆಲ್ಲ ಅಕ್ಕನ ಕೈ ಚುರುಕು. ಕಪ್ಪಾದದ್ದು, ಉಬ್ಬಿದ್ದು, ಆಕಾರ ಕೆಟ್ಟದ್ದು... ಮಾತಾಡುತ್ತಲೇ ಬೆರಳು ಬದಿಗೆ ಹಾಕುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವಳ ಕುತ್ತಿಗೆಗೆ ಗಡ್ಡೆ ಬಂತು. ಊರಿನ ಡಾಕ್ಟರು ಸೂಜಿ ಚುಚ್ಚಿ, ಒಳಗಿನದನ್ನು ಎರಡು ಗಾಜಿನ ಪಟ್ಟಿಗಳ ಮೇಲೆ ಸವರಿ, ಡಬ್ಬಿಯಲ್ಲಿಟ್ಟು ನನಗೆ ಕೊಟ್ಟರು. ಮರುದಿನವೇ ಮಿರಜಿನ ಲ್ಯಾಬಿಗೆ ಮುಟ್ಟಿಸಲು ಹೇಳಿದರು. ನಾನು ಹೋಗಲಿಲ್ಲ. ಮಾಲು ಒಣಗುತ್ತಿತ್ತು, ಮೋಡ ಕಟ್ಟುತ್ತಿತ್ತು ಎಂಬುದು ನೆಪ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಲ್ಯಾಬಿನವರು ಬರೆದುಕೊಡುವ ಕಾಗದದ ಹೆದರಿಕೆ. ಡಬ್ಬಿ ಕಪಾಟಿನಲ್ಲಿರುವ ತನಕ ಅಕ್ಕನಿಗೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಅವಳು ಕೇಳಿದಾಗ, ಕೊಟ್ಟು ಬಂದಿದ್ದೇನೆ, ಫೋನ್ ಮಾಡುತ್ತಾರಂತೆ ಎಂದು ಸುಳ್ಳು ಹೇಳಿದೆ.

ಹತ್ತೊಂಬತ್ತನೇ ದಿನ ಅವಳೇ ಹೊರಟಳು. "ನಡಿಲೇ ತಮ್ಮಾ, ನಿನ್ನ ಫೋನ್ ಸತ್ತೈತೋ ಅವರದ ಸತ್ತೈತೋ, ನೋಡಿ ಬರೂಣು."

ಲ್ಯಾಬಿನ ಕೌಂಟರಿನಲ್ಲಿ ನನ್ನ ಚೀಲದಿಂದ ಡಬ್ಬಿ ಹೊರಗೆ ತೆಗೆದೆ. ಅಕ್ಕ ನೋಡಿದಳು. ಮೊದಲು ಡಬ್ಬಿಯನ್ನು, ಆಮೇಲೆ ನನ್ನನ್ನು.

ಪಟ್ಟಿಗೆ ಬಣ್ಣ ಹಾಕಿದ ಮೇಲೆ ಅದರ ಚಿತ್ರ ಕಂಪ್ಯೂಟರಿನಲ್ಲಿ ಮೂಡಿತು. ತಾನೂ ನೋಡಬೇಕು ಎಂದಳು ಅಕ್ಕ. ಅಲ್ಲಿನ ಡಾಕ್ಟರಮ್ಮ ಕರೆದು ಪಕ್ಕಕ್ಕೆ ಕೂರಿಸಿಕೊಂಡರು. ಪರದೆಯ ತುಂಬ ನೇರಳೆ ಚುಕ್ಕೆಗಳ ರಾಶಿ. ನೋಡನೋಡುತ್ತ ಕೆಲವಕ್ಕೆ ಕೆಂಪು ಸುತ್ತು ಬಿತ್ತು.

"ಇವೆಲ್ಲಾ ನನ್ನವ ಏನ್ರಿ, ಬಾಯಾರ?"

"ಹೌದ್ರಿ, ನಿಮ್ಮ ಗಡ್ಡಿ ಜೀವಕೋಶ. ನಡುವಿನ ಬೊಟ್ಟು ದೊಡ್ಡದಾದದ್ದು, ಸೊಟ್ಟ ಆದದ್ದು, ಅಂಥಾವನ್ನ ಕಂಪ್ಯೂಟರ ಆರಿಸಿ ತೋರಸ್ತೈತಿ."

"ಅದಕ್ಕ ಯಾರು ಕಲಿಸಿದ್ರು?"

"ಸಾವಿರಗಟ್ಟಲೆ ಚಿತ್ರ ತೋರಿಸಿ ಕಲಿಸಿರ್ತಾರ್ರಿ. ಕಡೀಕ ನಾನ ನೋಡಿ ಹೇಳಬೇಕು."

"ನಾವೂ ಶೆಡ್ಡಿನ್ಯಾಗ ಹೊಸಬರಿಗೆ ಹಂಗ ಕಲಸ್ತೀವ್ರಿ" ಎಂದು ಅಕ್ಕ ನಕ್ಕಳು. ಆಮೇಲೆ ಮುಂದಕ್ಕೆ ಬಾಗಿ, ಮೂಲೆಯ ಒಂದು ಚುಕ್ಕೆಯ ಹತ್ತಿರ ಬೆರಳು ಒಯ್ದಳು. "ಇದನ್ನ ಬಿಟ್ಟೈತಲ್ರಿ."

ಡಾಕ್ಟರಮ್ಮ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಹೌದ್ರಿ ಅಕ್ಕಾರ... ಬಿಟ್ಟೈತಿ."

ಅವರು ಡಬ್ಬಿಗೆ ಅಂಟಿಸಿದ್ದ ಚೀಟಿಯ ಮೇಲಿನ ತಾರೀಖು ನೋಡಿದ್ದು ಆಗಲೇ. ಇಷ್ಟು ದಿನ ಯಾಕೆ ಇಟ್ಟುಕೊಂಡಿರಿ ಎಂದು ನನ್ನನ್ನು ಕೇಳಿದರು.

"ಮಾಲ್ ಒಣಗಾಕತ್ತಿತ್ರಿ" ಎಂದಳು ಅಕ್ಕ. "ನಾನ ಇವಂಗ ಹೋಗಬ್ಯಾಡ ಅಂದಿದ್ದೆ."

ಮುಂದಿನ ದ್ರಾಕ್ಷಿ ಸುಗ್ಗಿಗೆ ಅಕ್ಕ ಇರಲಿಲ್ಲ. ಆ ಹತ್ತೊಂಬತ್ತು ದಿನ ಹಾಳಾಗದಿದ್ದರೆ ಏನಾದರೂ ಬೇರೆ ಆಗುತ್ತಿತ್ತೇ... ಮಿರಜಿಗೆ ಬಸ್ಸಿನಲ್ಲಿ ಅರ್ಧ ತಾಸು. ಹೋಗಿ ಡಾಕ್ಟರಮ್ಮನನ್ನು ಕೇಳಬಹುದು. ಇನ್ನೂ ಕೇಳಿಲ್ಲ.

ಇವತ್ತು ಹೊಗೆ ಇಳಿದ ಮೇಲೆ ನಾನೂ ಹೆಂಗಸರ ಸಾಲಿನ ಕೊನೆಗೆ ಆರಿಸಲು ಕುಳಿತೆ. ನಾನು ಆರಿಸಿದ ರಾಶಿಯನ್ನು ಪಕ್ಕದವಳು ಬೈಯುತ್ತ ಮತ್ತೆ ಆರಿಸಿದಳು. ಅಕ್ಕನಿಗೆ ಒಂದು ನೋಟ ಸಾಕಾಗುತ್ತಿತ್ತು. ಕೌಂಟರಿನಲ್ಲಿ ಡಬ್ಬಿ ಹೊರಬಂದಾಗ ನನ್ನನ್ನೂ ಹಾಗೇ ನೋಡಿದ್ದಳು. ನನ್ನನ್ನು ಮಾತ್ರ ಬದಿಗೆ ಹಾಕಲಿಲ್ಲ.