ಅವ್ವನ ಉಡಿಯ ನವಣೆ

ಗುರುಗುಂಟಾದ ನಮ್ಮ ಹೊಲದಲ್ಲಿ ಅವ್ವ ಪ್ರತಿ ವರ್ಷ ಎರಡು ಸಾಲು ಕೆಂಪು ನವಣೆ ಬಿತ್ತಿಸುತ್ತಿದ್ದಳು. ಅಣ್ಣ ಹತ್ತಿಯಾದರೂ ಹಾಕಲಿ, ತೊಗರಿಯಾದರೂ ಹಾಕಲಿ, ಆ ಎರಡು ಸಾಲು ಆಕೆಯವು. ಮಳೆ ಕೈಕೊಟ್ಟರೂ ಅದು ಕೈಬಿಡುತ್ತಿರಲಿಲ್ಲ. ಬೀಜಕ್ಕೆ ಬೂದಿ ಬೆರೆಸಿ, ಸೋರೆ ಬುರುಡೆಯಲ್ಲಿ ತುಂಬಿ ತೊಲೆಗೆ ತೂಗುಹಾಕುತ್ತಿದ್ದಳು.

ಈಚೆಗೆ ಲಿಂಗಸುಗೂರಿನ ಕೆಲವು ರೈತರು ನಾಟಿ ಬೀಜ ಕೂಡಿಡುವ ಕೆಲಸ ಶುರುಮಾಡಿದರು. ಗೊಬ್ಬರ ಸುರಿದು ಸುರಿದು ನೆಲ ಸತ್ತಿದೆ, ಇನ್ನು ಹಳೆಯ ತಳಿಗಳೇ ಗತಿ ಎಂದು ನಮ್ಮ ಕಟ್ಟೆಗೂ ಬಂದು ಕೂತರು. ಅವ್ವ ಸುಮ್ಮನೆ ಬಿಡುತ್ತಾಳೆಯೇ?

“ನಾ ಬಿತ್ತುವಾಗ ನಗತಿದ್ರಿ. ಈಗ ಬೇಕಾಗ್ಯಾವೇನ್ರೀ?” ಅಂದಳು. ಆಮೇಲೆ ಚಹಾ ಕುಡಿಸಿ, ಮುಂಗಾರಿಗೆ ಕೊಡುತ್ತೇನೆಂದು ಮಾತು ಕೊಟ್ಟಳು.

ಮುಂಗಾರಿಗೆ ಮೊದಲೇ ಹೋಗಿಬಿಟ್ಟಳು. ಸಿಂಧನೂರಿನ ಗಂಡನ ಮನೆಯಿಂದ ನಾನು ಬರುವಷ್ಟರಲ್ಲಿ ಅವಳನ್ನು ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಮುತ್ತೈದೆಯಾಗಿ ಹೋದವಳಿಗೆ ಉಡಿ ತುಂಬಬೇಕು. ನಾನು ತಂದ, ಕಾಲುವೆ ನೀರಲ್ಲಿ ಬೆಳೆದ ಅಕ್ಕಿಯನ್ನು ಅವ್ವನ ತಂಗಿ, ನಮ್ಮ ಚಿಗವ್ವ, ಪಕ್ಕಕ್ಕೆ ಸರಿಸಿದಳು. “ಅಕ್ಕಗ ಕಾಲುವಿ ಅಕ್ಕಿ ಸೇರತಿದ್ದಿಲ್ಲ” ಎನ್ನುತ್ತ ಬುರುಡೆ ಇಳಿಸಿ ನವಣೆ ಸುರಿದಳು. ನೋಡಿದವರೆಲ್ಲ ಅತ್ತೆವು. ಎಂಥ ಚಂದದ ಕೆಲಸ ಅನ್ನಿಸಿತ್ತು ಆಗ! ಹೊಲದ ಬದುವಿನಲ್ಲಿ ಕುಣಿಗೆ ಇಳಿಸುವಾಗ ಉಡಿಯಿಂದ ಒಂದಿಷ್ಟು ಕಾಳು ಮಣ್ಣಿಗೆ ಚೆಲ್ಲಿತು.

ಲಿಂಗಸುಗೂರಿನವರು ಮತ್ತೆ ಬಂದಾಗ ಅಣ್ಣ ಬುರುಡೆ ಅಲ್ಲಾಡಿಸಿದ. ಖಾಲಿ.

“ಎಲ್ಲಾ ಹಾಕಿಬಿಟ್ಟಿಯೇನಬೇ ಚಿಗವ್ವ?”

“ಮಸ್ಕಿ ಮಾವನ ಮನ್ಯಾಗ ಇರ್ತಾವಂತ ತಿಳಿದಿದ್ದೆ, ಯಪ್ಪಾ.”

ಮಸ್ಕಿಯ ಸೋದರಮಾವನ ಮನೆಗೆ ಓಡಿದೆವು. “ನಿಮ್ಮವ್ವ ಇಟ್ಟಾಳಂತ ನಾವು ಬಿತ್ತೋದಽ ಬಿಟ್ಟೀವಿ” ಅಂದ ಮಾವ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ಹಾಳಾಗಲಿ, ಊರೂರೇ ಆಕೆಯೊಬ್ಬಳನ್ನು ನಂಬಿ ಕೂತಿತ್ತು.

ಮಳೆ ಬಿದ್ದ ಮೇಲೆ ಅವ್ವನ ಮೇಲಿನ ಮಣ್ಣಿನಲ್ಲಿ ಹಸಿರು ಎದ್ದಿತು. ಚಿಗವ್ವ ನನ್ನ ಕೈಹಿಡಿದು ಎಳೆದುಕೊಂಡು ಹೋದಳು.

“ನವಣಿ ಹೌದಲ್ಲ? ಹೌದಂತ ಹೇಳವಾ.”

ಎಳೆಯದರಲ್ಲಿ ನವಣೆಯೂ ಹುಲ್ಲೂ ಒಂದೇ ಥರ. ಗರಿ ಮುಟ್ಟಿ ಇದು ಇಂಥದ್ದೆಂದು ಹೇಳುತ್ತಿದ್ದವಳು ಅದರ ಕೆಳಗೇ ಇದ್ದಳು. ಅಣ್ಣ, ಚಿಗವ್ವ, ನಾನು ಬಗ್ಗಿ ಬಗ್ಗಿ ನೋಡಿದೆವು. ಒಬ್ಬರಿಗೂ ಗೊತ್ತಾಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಆಡು ಬಾಯಿ ಹಾಕದಂತೆ ಸುತ್ತ ಮುಳ್ಳು ಹಚ್ಚಿ ಕಾದೆವು.

ತೆನೆ ಒಡೆದಾಗ ನೋಡಿದರೆ ಬರೀ ಹುಲ್ಲು. ಅಣ್ಣ ಕುಡುಗೋಲು ತಂದ. ಚಿಗವ್ವ ಕೊಯ್ಯಲು ಬಿಡಲಿಲ್ಲ.